ಈ ಮನೆಯಲ್ಲಿ ತವ್ಜೀಹಿ ಇದೆ

ಅಕಬಾ
ಫೆಬ್ರವರಿ ೯

ಪ್ರೀತಿಯ ಇಬ್ತಿಸಾಮ್ ಚಿಕ್ಕಮ್ಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ನನ್ನ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಅಷ್ಟೇ. ಹನ್ನೆರಡನೇ ತರಗತಿಯ ತವ್ಜೀಹಿ ಪರೀಕ್ಷೆ ಮುಗಿಯುವವರೆಗೂ ಅದು ಅಲ್ಲೇ. ಟಿವಿಯ ಮೇಲೆ ಮೇಜಿನ ಬಟ್ಟೆ ಹೊದಿಸಿದ್ದಾಳೆ. ಬಾಗಿಲ ಹೊರಗೆ ಒಂದು ಚೀಟಿ ಅಂಟಿಸಿದ್ದಾಳೆ: ‘ಈ ಮನೆಯಲ್ಲಿ ತವ್ಜೀಹಿ ಇದೆ. ದಯವಿಟ್ಟು ಬೆಲ್ ಒತ್ತಬೇಡಿ.’

ಆದರೂ ಕೆಳಮನೆಯ ಉಮ್ಮ್ ಖತ್ತಾಬ್ ನಿನ್ನೆ ಒಂದು ತಟ್ಟೆ ಮನ್ಸಫ್ ಊಟ ಹಿಡಿದು ಬಂದರು. ಅಮ್ಮ ಬಾಗಿಲನ್ನು ಅರ್ಧ ತೆರೆದು, “ಬೇಜಾರು ಮಾಡ್ಕೋಬೇಡಿ, ಒಳಗೆ ತವ್ಜೀಹಿ ಇದೆ,” ಎಂದು ಪಿಸುಗುಟ್ಟಿದಳು.

“ಅದೇನು ಸಿಡುಬೇನಮ್ಮಾ, ಅಂಟ್ಕೊಳ್ಳೋಕೆ? ನಮ್ಮನೇಲೂ ಮೂರು ಸಲ ಬಂದು ಹೋಗಿದೆ.”

ಅಮ್ಮ ತಟ್ಟೆ ತೆಗೆದುಕೊಂಡು ಬಾಗಿಲು ಮುಚ್ಚಿದಳು.

ಅಬು ಸನದ್ ಮಾಮ ಬಂದರಿನಿಂದ ಅಕ್ಕಿ ಹೇರಿಕೊಂಡು ನಿಮ್ಮ ಕಡೆಗೆ ಬರುತ್ತಾನಲ್ಲ, ಅವನ ಲಾರಿಯಲ್ಲಿ ಕಾಗದ ಕಳಿಸಲು ಅಮ್ಮನ ಅಡ್ಡಿಯಿಲ್ಲ. “ಬರಿ ಬರಿ, ಅರಬ್ಬಿ ಪ್ರಬಂಧಕ್ಕೆ ಅಭ್ಯಾಸ ಆಗತ್ತೆ,” ಅಂದಳು. ಹಾಗಾಗಿ ಇದು ಓದಿನ ಲೆಕ್ಕಕ್ಕೇ ಸೇರಿದೆ.

ನಿನ್ನನ್ನು ಒಂದು ವಿಷಯ ಕೇಳಬೇಕಿತ್ತು. ನೀನು ಅಜ್ಲೂನಿನ ಯುವಕೇಂದ್ರದಲ್ಲಿ ಹುಡುಗಿಯರಿಗೆ ಇದನ್ನೇ ಹೇಳಿಕೊಡುತ್ತೀಯಲ್ಲ, ಒತ್ತಡವಾದರೆ ಏನು ಮಾಡಬೇಕು ಎಂದು. ಭೌತಶಾಸ್ತ್ರದ ಪುಟ ತೆರೆದರೆ ನನ್ನ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ. ಬೆರಳು ತಣ್ಣಗಾಗುತ್ತವೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಅಮ್ಮ ಹೊರಗಿನಿಂದ, “ನೀರು ಪೋಲಾಗ್ತಿದೆ!” ಎಂದು ಕೂಗುತ್ತಾಳೆ. ಬಾಚಣಿಗೆಯಲ್ಲಿ ಕೂದಲು ಕಂಡರೆ ಅವಳಿಗೆ ತೋರಿಸದೆ ಎಸೆಯುತ್ತೇನೆ. ಇದಕ್ಕೆ ನಿನ್ನ ಬಳಿ ಏನಾದರೂ ಇದೆಯಾ?

ಅಜ್ಜಿಗೆ ಹೇಳು, ಮರಮಿಯ್ಯಾ ಎಲೆ ಮುಗಿದಿದೆ. ಅದಿಲ್ಲದ ಚಹಾ ಬರೀ ಬಿಸಿನೀರು.

ನಿನ್ನ,
ಲುಜೈನ್


ಅಜ್ಲೂನ್
ಫೆಬ್ರವರಿ ೨೦

ಲುಜೈನ್, ಕಂದಾ,

ಇದೆ, ನಿನಗೆ ಕೊಡಲು ನನ್ನ ಬಳಿ ಇದೆ. ಎದೆ ಬಿಗಿಯುವುದು, ಕೈ ತಣ್ಣಗಾಗುವುದು, ಇವೆಲ್ಲ ನಿನ್ನ ದೇಹ ನಿನ್ನನ್ನು ಕಾಪಾಡಲು ಮಾಡುವ ಗದ್ದಲ. ಅದರ ಜೊತೆ ಜಗಳಕ್ಕೆ ಹೋಗಬೇಡ. ಎರಡೂ ಪಾದಗಳನ್ನು ನೆಲಕ್ಕೆ ಒತ್ತು. ಉಸಿರನ್ನು ಸಾವಕಾಶ ಎಳೆದುಕೊಂಡು, ಅದಕ್ಕಿಂತ ಸಾವಕಾಶವಾಗಿ ಬಿಡು, ಬಿಸಿ ಚಹಾ ಆರಿಸುವಂತೆ. ಮಣಿಕಟ್ಟಿಗೆ ತಣ್ಣೀರು ಹಾಕು. ದಿನಕ್ಕೊಮ್ಮೆ ಸಮುದ್ರದ ಕಡೆಗೆ ನಡೆದು ಬಾ, ಪುಸ್ತಕ ಇಲ್ಲದೆ. ಅಳು ಬಂದರೆ ಅಳು. ಎಲ್ಲಕ್ಕಿಂತ ಮುಖ್ಯವಾದದ್ದು, ಮನಸ್ಸಿನಲ್ಲಿರುವುದನ್ನು ಒಬ್ಬರಿಗಾದರೂ ಹೇಳು. ಮುಚ್ಚಿಡಬೇಡ. ನನ್ನ ತರಗತಿಯ ಗೋಡೆಯ ಮೇಲೂ ಅದನ್ನೇ ಬರೆಸಿದ್ದೇನೆ.

ಇದನ್ನೆಲ್ಲ ಹೇಳಿಕೊಡುವಾಗ ಮಯ್ಸಾ ಎಂಬ ಹುಡುಗಿ ಹಿಂದಿನಿಂದ, “ಮಿಸ್, ಉಸಿರು ಬಿಡೋದಕ್ಕೂ ಮಾರ್ಕ್ಸ್ ಇದೆಯಾ?” ಎಂದಳು. ಇಲ್ಲ ಎಂದೆ. “ಹಾಗಾದ್ರೆ ನಮ್ಮಪ್ಪ ಬಿಡೋಕೆ ಬಿಡಲ್ಲ,” ಎಂದಳು. ಎಲ್ಲರೂ ನಕ್ಕರು. ನಗುವುದೂ ಒಂದು ಉಪಾಯವೇ.

ಅಜ್ಜಿ ಪಕ್ಕದಲ್ಲೇ ಕೂತಿದ್ದಾಳೆ, ನಾನು ಬರೆಯುವುದನ್ನೆಲ್ಲ ಓದಿಸಿಕೊಂಡು ಕೇಳಿದಳು. “ಉಸಿರಾಡೋದನ್ನ ಹೇಳಿಕೊಟ್ಟು ಸಂಬಳ ತಗೋತೀಯಾ? ನಾನು ಏಳು ಹೆತ್ತೆ, ಯಾರೂ ನನಗೆ ಉಸಿರಾಡು ಅಂತ ಹೇಳಲಿಲ್ಲ,” ಎನ್ನುತ್ತಿದ್ದಾಳೆ. ಬರೆಯಲೇಬೇಕಂತೆ, ಬರೆದೆ. ಎಲೆಯನ್ನು ಗುಡ್ಡದಿಂದ ತಾನೇ ಕಿತ್ತು, ಒಣಗಿಸಿ, ಪೊಟ್ಟಣ ಕಟ್ಟಿದ್ದಾಳೆ. ದಾರದ ಒಂದು ತುದಿ ಕೈಯಲ್ಲಿ, ಇನ್ನೊಂದು ಹಲ್ಲಲ್ಲಿ. ಅವಳಿಗೆ ಉಳಿದಿರುವ ನಾಲ್ಕು ಹಲ್ಲು ಇದೇ ಕೆಲಸಕ್ಕಾಗಿ ಉಳಿದಿವೆ.

ಚಿಕ್ಕಮ್ಮ


ಅಕಬಾ
ಮಾರ್ಚ್ ೧೨

ಚಿಕ್ಕಮ್ಮ,

ಪೊಟ್ಟಣ ಬಂತು. ಗಂಟು ಬಿಚ್ಚಲು ಸೂಜಿ, ಕತ್ತರಿ, ಕೊನೆಗೆ ಅಪ್ಪನ ಹಲ್ಲು. ಅಬು ಸನದ್ ಮಾಮ ಅಜ್ಜಿಯ ಗಂಟು ನೋಡಿ, “ಹಜ್ಜಾ ವದ್ಹಾ ಕೈಲಿ ನನ್ನ ಲಾರಿಯ ಟಾರ್ಪಾಲು ಕಟ್ಟಿಸಿದ್ರೆ ಬಿರುಗಾಳಿಗೂ ಜಗ್ಗಲ್ಲ,” ಎಂದ. ಅಜ್ಜಿಗೆ ಓದಿ ಹೇಳು, ಖುಷಿಪಡುತ್ತಾಳೆ.

ನಿನ್ನ ಉಪಾಯಗಳನ್ನು ಮಾಡುತ್ತಿದ್ದೇನೆ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪಾದ ಒತ್ತಿ ಉಸಿರು ಬಿಟ್ಟೆ. ಸ್ವಲ್ಪ ಜೋರಾಯಿತೇನೋ, ಮೇಲ್ವಿಚಾರಕಿ ಬಂದು, “ಏನೇ, ಯಾರಿಗೆ ಸನ್ನೆ ಮಾಡ್ತಿದ್ದೀಯಾ?” ಎಂದು ನನ್ನ ಬೆಂಚು ಬದಲಾಯಿಸಿದರು. ಹೊಸ ಬೆಂಚಿನಲ್ಲಿ ಕೂತು ನಕ್ಕೆ. ನಕ್ಕ ಮೇಲೆ ಎರಡು ಪ್ರಶ್ನೆಗಳಿಗೆ ಉತ್ತರ ಹೊಳೆಯಿತು.

ಸಮುದ್ರಕ್ಕೆ ಹೋಗಲು ಅಮ್ಮ ಬಿಡುವುದಿಲ್ಲ. “ಸಮುದ್ರ ಎಲ್ಲಿಗೂ ಓಡಿ ಹೋಗಲ್ಲ, ತವ್ಜೀಹಿ ಓಡಿ ಹೋಗತ್ತೆ,” ಎನ್ನುತ್ತಾಳೆ. ಅದಕ್ಕೆ ಮಹಡಿಯ ಮೇಲೆ, ನೀರಿನ ಟ್ಯಾಂಕುಗಳ ನಡುವೆ ನಡೆಯುತ್ತೇನೆ. ಅಳು ಇನ್ನೂ ಬರುತ್ತದೆ. ಆದರೆ ಅತ್ತ ಮೇಲೆ ಹಸಿವಾಗುತ್ತದೆ, ಅದು ಒಳ್ಳೆಯದೇ ಇರಬೇಕು.

ಪರೀಕ್ಷೆ ಮುಗಿದ ಮಾರನೇ ದಿನ ನಾನು ಅಲ್ಲಿಗೆ ಬರುತ್ತೇನೆ. ಆ ಗಂಟು ಹಾಕುವುದನ್ನು ಕಲಿಯಬೇಕು. ಅಜ್ಜಿಗೆ ಹೇಳು, ಹಲ್ಲು ಜೋಪಾನ.

ಲುಜೈನ್


ಅಜ್ಲೂನ್
ಏಪ್ರಿಲ್ ೨

ಲುಜೈನ್,

ಚಿಕ್ಕ ಕಾಗದ, ಅಬು ಸನದ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನ ಬೆಂಚಿನ ಕಥೆ ತರಗತಿಯಲ್ಲಿ ಹೇಳಿದೆ, ಹೆಸರು ಹೇಳದೆ. ಅತ್ತ ಮೇಲೆ ಹಸಿವಾಗುವುದು ನಿಜಕ್ಕೂ ಒಳ್ಳೆಯದು.

ಅಜ್ಜಿಗೆ ಸ್ವಲ್ಪ ಕೆಮ್ಮು. ರಂಜಾನಿನಲ್ಲಿ ಉಪವಾಸ ಬಿಡು ಎಂದರೆ ಕೇಳಲಿಲ್ಲ. ಇರ್ಬಿದ್‌ಗೆ ಕರೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆವು. ವಯಸ್ಸಾದವರಿಗೆಲ್ಲ ತೆಗೆಯುತ್ತಾರೆ. “ಲುಜೈನ್ ಬರೋವರೆಗೂ ನನ್ನ ಹಲ್ಲಿಗೆ ಏನೂ ಆಗಲ್ಲ ಅಂತ ಬರಿ,” ಎಂದಳು.

ನೀನು ಓದು.

ಚಿಕ್ಕಮ್ಮ


ಅಜ್ಲೂನ್
ಮೇ ೬

ಪ್ರೀತಿಯ ಲುಜೈನ್,

ತಡವಾಯಿತು. ಕೇಂದ್ರದಲ್ಲಿ ವಿಪರೀತ ಕೆಲಸ. ಪರೀಕ್ಷೆ ಹತ್ತಿರ ಬಂದಿದೆಯಲ್ಲ, ಪಕ್ಕದ ಹಳ್ಳಿಗಳಿಂದಲೂ ಹುಡುಗಿಯರು ಬರುತ್ತಿದ್ದಾರೆ. ಎರಡು ಗುಂಪು ಮಾಡಿದ್ದೇನೆ. ಈ ವಾರ ಹೊಸದೊಂದು ಅಭ್ಯಾಸ: ಕಣ್ಣಿಗೆ ಕಂಡ ಒಂದಷ್ಟು ವಸ್ತುಗಳನ್ನು ಮನಸ್ಸಿನಲ್ಲೇ ಹೆಸರಿಸುವುದು, ಆಮೇಲೆ ಕಿವಿಗೆ ಬಿದ್ದದ್ದು, ಆಮೇಲೆ ಚರ್ಮಕ್ಕೆ ತಾಗಿದ್ದು. ಕಿಟಕಿ. ಕುರ್ಚಿ. ಖಾಲಿ ಲೋಟ. ಹೀಗೆ. ಮನಸ್ಸು ನಾಳೆಗೆ ಓಡುವುದನ್ನು ಅದು ಹಿಡಿದು ನಿಲ್ಲಿಸುತ್ತದೆ. ನಾನೂ ಮಾಡುತ್ತಿದ್ದೇನೆ. ನಿದ್ದೆಗೆ ಮುಂಚೆ ಐದು ನಿಮಿಷ ಮೈಯ ಒಂದೊಂದೇ ಭಾಗವನ್ನು ಬಿಗಿ ಹಿಡಿದು ಸಡಿಲಿಸುವುದನ್ನೂ ಮಾಡು. ಮೊದಲು ಕಾಲ್ಬೆರಳು, ಆಮೇಲೆ ಮೀನಖಂಡ, ಮೊಣಕಾಲು, ಹೊಟ್ಟೆ. ದವಡೆಯನ್ನು ಮರೆಯಬೇಡ. ನಾವು ಎಲ್ಲವನ್ನೂ ದವಡೆಯಲ್ಲಿ ಕಚ್ಚಿ ಹಿಡಿದಿರುತ್ತೇವೆ.

ಅಜ್ಜಿ ಚೆನ್ನಾಗಿದ್ದಾಳೆ. ಮಲಗಿದ್ದಾಳೆ ಈಗ. ನಿನಗೆ ದುವಾ ಹೇಳಿದ್ದಾಳೆ. ಮರಮಿಯ್ಯಾ ಕಳಿಸುತ್ತಿದ್ದೇವೆ.

ಚೆನ್ನಾಗಿ ಊಟ ಮಾಡು. ಅಮ್ಮನಿಗೆ ತೊಂದರೆ ಕೊಡಬೇಡ.

ಚಿಕ್ಕಮ್ಮ


ಅಕಬಾ
ಮೇ ೧೬

ಚಿಕ್ಕಮ್ಮನಿಗೆ,

ಪೊಟ್ಟಣ ತಲುಪಿತು. ಗಂಟು ಸುಲಭವಾಗಿ ಬಿಚ್ಚಿಕೊಂಡಿತು.

ನಾನು ಚೆನ್ನಾಗಿದ್ದೇನೆ. ನೀನು ಹೇಳಿದ ಅಭ್ಯಾಸಗಳು ಫಲ ಕೊಟ್ಟಿವೆ. ಎದೆ ಬಿಗಿಯುವುದಿಲ್ಲ. ಅಳುವುದಿಲ್ಲ. ಬೆಳಿಗ್ಗೆ ಏಳುತ್ತೇನೆ, ಓದುತ್ತೇನೆ, ಊಟ ಮಾಡುತ್ತೇನೆ, ಓದುತ್ತೇನೆ. ವಸ್ತುಗಳನ್ನು ಹೆಸರಿಸುತ್ತೇನೆ. ಕಿಟಕಿ. ಪರದೆ. ಕಪಾಟು. ಅಮ್ಮನ ಕಪ್ಪು ಬಟ್ಟೆ, ಒಗೆಯುವ ಬುಟ್ಟಿಯ ತಳದಲ್ಲಿ.

ಏಪ್ರಿಲ್ ಕೊನೆಯಲ್ಲಿ ಅಮ್ಮ ಹಲ್ಲು ತೋರಿಸಲು ಅಮ್ಮಾನ್ ನಗರಕ್ಕೆ ಹೋಗಿದ್ದಳು. ಮೂರು ದಿನ ಅಪ್ಪ ಡಬ್ಬಿಯ ಫೂಲ್ ಕಾಳು ಬಿಸಿ ಮಾಡಿ ಹಾಕಿದ. ಅವಳು ಬಂದಾಗ ಕೆನ್ನೆ ಊದಿರಲಿಲ್ಲ, ಕಣ್ಣು ಊದಿದ್ದವು. ಹಲ್ಲು ನೋವು ಕಣ್ಣಿಗೆ ಬರುತ್ತದಂತೆ.

ಉಮ್ಮ್ ಖತ್ತಾಬ್ ಮೆಟ್ಟಿಲಲ್ಲಿ ಸಿಕ್ಕರೆ ಈಗ ಏನೂ ಹಾಸ್ಯ ಮಾಡುವುದಿಲ್ಲ. ತಲೆ ಸವರಿ ಹೋಗುತ್ತಾರೆ. ಅಬು ಸನದ್ ಮಾಮ ಲಾರಿಯಿಂದ ಇಳಿಯದೆಯೇ ಪೊಟ್ಟಣ ಕೊಟ್ಟ.

ಅಜ್ಜಿಗೆ ಸಲಾಂ ಹೇಳು.

ಲುಜೈನ್


ಅಜ್ಲೂನ್
ಮೇ ೨೮

ಲುಜೈನ್, ನನ್ನ ಜಾಣೆ,

ನಿನ್ನ ಕಾಗದ ನೋಡಿ ಎಷ್ಟು ಸಮಾಧಾನವಾಯಿತು ಗೊತ್ತಾ? ಫೆಬ್ರವರಿಯಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದವಳು ಇವಳೇನಾ ಎನ್ನಿಸಿತು. ಇಷ್ಟು ಶಾಂತವಾಗಿ ಬರೆದಿದ್ದೀಯ. ಹೆಸರು, ಊರು, ಮನೆಯ ವಿಷಯ ಎಲ್ಲ ಬಿಟ್ಟು, ಮೊದಲ ಭಾಗವನ್ನು ತರಗತಿಯಲ್ಲಿ ಓದಿದೆ. ಅಭ್ಯಾಸ ಮಾಡಿದರೆ ಹೀಗಾಗಬಹುದು ಎಂದು ತೋರಿಸಲು.

ಮಯ್ಸಾ ಮಾತ್ರ ಮುಖ ಗಂಟು ಹಾಕಿದಳು. “ಮಿಸ್, ಈ ಹುಡುಗಿ ಸತ್ತವಳ ಹಾಗೆ ಬರೀತಾಳೆ.” ಹಾಗೆಲ್ಲ ಅನ್ನಬಾರದು, ಅದು ನೆಮ್ಮದಿ ಎಂದೆ. “ನಮ್ಮಣ್ಣ ಸೈನ್ಯದಿಂದ ವಾಪಸ್ ಬಂದಾಗಲೂ ಹೀಗೇ ನೆಮ್ಮದಿಯಾಗಿದ್ದ,” ಎಂದಳು. ಅವಳು ಯಾವಾಗಲೂ ಹಾಗೆಯೇ, ಎದುರು ಮಾತು.

ಅಜ್ಜಿ ನಿನ್ನೆ ಅಂಗಳದಲ್ಲಿ ಕೂತು ಮುಲುಖಿಯ್ಯಾ ಸೊಪ್ಪು ಬಿಡಿಸಿದಳು. ಹಬ್ಬಕ್ಕೆ ನೀವು ಬರುವುದಿಲ್ಲವಲ್ಲ ಎಂದು ಬೇಸರ ಮಾಡಿಕೊಂಡಳು. ಪರೀಕ್ಷೆ ಮೊದಲು ಎಂದು ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು.

ನಿನ್ನ ಚಿಕ್ಕಮ್ಮ


ಅಕಬಾ
ಜೂನ್ ೧೧

ಚಿಕ್ಕಮ್ಮನಿಗೆ,

ನನ್ನ ಕಾಗದ ತರಗತಿಗೆ ಉಪಯೋಗವಾಗಿದ್ದರೆ ಒಳ್ಳೆಯದೇ.

ಅಜ್ಜಿ ಮುಲುಖಿಯ್ಯಾ ಬಿಡಿಸಿದ್ದು ಕೇಳಿ ಸಂತೋಷವಾಯಿತು. ಕೆಮ್ಮು ಹೋಗಿರಬೇಕು. ಅವಳಿಗೆ ಹೇಳು, ಅವಸರ ಮಾಡಬೇಡ, ನಿಧಾನಕ್ಕೆ ಬಿಡಿಸು ಎಂದು.

ಸೋಮವಾರ ಒಂದು ಸಣ್ಣ ಘಟನೆಯಾಯಿತು. ನಾನು ಚಹಾ ಬಸಿಯುತ್ತಿದ್ದೆ. ಅಮ್ಮ ಬಂದು ಕಿರುಚಿದಳು. ಕುದಿಯುವ ಕೆಟಲಿನ ಮೈಯನ್ನೇ ನಾನು ಅಂಗೈಯಿಂದ ಹಿಡಿದುಕೊಂಡಿದ್ದೆ. ಹಿಡಿಯನ್ನಲ್ಲ. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ಬೇಕೆಂದು ಹಿಡಿದದ್ದಲ್ಲ ಚಿಕ್ಕಮ್ಮ, ಅದನ್ನು ಹಿಡಿದಿದ್ದೇನೆ ಎಂದೇ ತಿಳಿಯಲಿಲ್ಲ. ಬೊಬ್ಬೆ ಎದ್ದ ಮೇಲೆ ಸುಟ್ಟಿದೆ ಎಂದು ಗೊತ್ತಾಯಿತು. ಈಗಲೂ ನೋವಿಲ್ಲ. ಬಲಗೈ. ಅಮ್ಮ ಮುಲಾಮು ಹಚ್ಚುತ್ತಾ, “ಬರೆಯೋ ಕೈ, ಯಾ ಅಲ್ಲಾ, ಬರೆಯೋ ಕೈ,” ಎನ್ನುತ್ತಿದ್ದಳು. ಪೆನ್ನು ಹಿಡಿಯಬಲ್ಲೆ. ಈ ಕಾಗದ ಬರೆಯುತ್ತಿರುವುದೂ ಅದೇ ಕೈಯಿಂದ, ಅಕ್ಷರ ಸರಿಯಾಗಿದೆ ನೋಡು.

ಓದಿದ್ದೆಲ್ಲ ನೆನಪಿದೆ. ಪ್ರಶ್ನೆ ಕೇಳಿದರೆ ಉತ್ತರ ಹೇಳುತ್ತೇನೆ. ಬೇರೆ ಯಾರೋ ಹೇಳುತ್ತಿರುವಂತೆ ಕೇಳಿಸುತ್ತದೆ.

ಮರಮಿಯ್ಯಾ ಕಳಿಸಬೇಡ. ಹಿಂದಿನದ್ದೇ ಇದೆ, ಕುಡಿದಿಲ್ಲ.

ಹಬ್ಬದ ಶುಭಾಶಯ, ನಿನಗೆ, ಅಜ್ಜಿಗೆ.

ಲುಜೈನ್


ಅಜ್ಲೂನ್
ಜೂನ್ ೧೮

ಲುಜೈನ್,

ಇದನ್ನು ಅಬು ಸನದನ ಕೈಯಲ್ಲಿ ಕೊಟ್ಟು ಕಳಿಸುತ್ತಿಲ್ಲ. ಅವನ ಲಾರಿಯಲ್ಲಿ ನಾನೇ ಬರುತ್ತೇನೆ. ಬಾಗಿಲ ಕೆಳಗಿನಿಂದ ಇದನ್ನು ಒಳಗೆ ತಳ್ಳಿ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬೆಲ್ ಒತ್ತುವುದಿಲ್ಲ. ನೀನು ಓದಿದ ಮೇಲೆ ತೆಗೆಯಬೇಕು ಎನ್ನಿಸಿದರೆ ತೆಗೆ.

ಅಜ್ಜಿ ಇಲ್ಲ. ಏಪ್ರಿಲ್ ಇಪ್ಪತ್ತನಾಲ್ಕರ ಬುಧವಾರ ಬೆಳಿಗ್ಗೆ ಹೋದಳು. ಕೆಮ್ಮಲ್ಲ, ಶ್ವಾಸಕೋಶವೇ ಕೆಟ್ಟಿತ್ತು, ಎಕ್ಸ್‌ರೇ ದಿನವೇ ಡಾಕ್ಟರು ಹೇಳಿದ್ದರು. ನಿನ್ನ ಅಮ್ಮ ಬಂದಳು, ಮಣ್ಣು ಮಾಡಿದೆವು, ಮೂರು ದಿನ ಸಾವಿನ ಮನೆಗೆ ಬಂದವರಿಗೆ ಸಕ್ಕರೆಯಿಲ್ಲದ ಕಾಫಿ ಹಂಚಿದೆವು. ಹೊರಡುವಾಗ ನಿನ್ನ ಅಮ್ಮ ನನ್ನ ಕೈಯನ್ನು ಕುರಾನಿನ ಮೇಲಿಟ್ಟು, “ನನ್ನ ಮಗಳ ವರ್ಷ ಹಾಳು ಮಾಡ್ಬೇಡ ಇಬ್ತಿಸಾಮ್. ತವ್ಜೀಹಿ ಮುಗಿಯೋವರೆಗೆ ನಮ್ಮಮ್ಮ ಬದುಕಿದ್ದಾಳೆ,” ಎಂದಳು. ಅವಳನ್ನು ಬೈಯಬೇಡ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನನ್ನ ತವ್ಜೀಹಿ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದದ್ದನ್ನು ನನಗೂ ಹೇಳಿರಲಿಲ್ಲ. ನಾನು ಒಪ್ಪಿದೆ. ಒಪ್ಪಿ, ಮುಲುಖಿಯ್ಯಾ ಸೊಪ್ಪಿನವರೆಗೆ ಹೋದೆ.

ಮುಚ್ಚಿಡಬೇಡಿ ಎಂದು ಗೋಡೆಯ ಮೇಲೆ ಬರೆಸಿ, ಅದರ ಕೆಳಗೆ ಕೂತೇ ನಿನಗೆ ಆ ಕಾಗದಗಳನ್ನು ಬರೆದೆ. ನಿನ್ನ ಉತ್ತರ ಬಂದಾಗ ನನಗೆ ಬೇಕಾದದ್ದನ್ನು ಓದಿಕೊಂಡೆ. ಅದು ನೆಮ್ಮದಿಯಲ್ಲ. ಮಯ್ಸಾಗೆ ಒಂದೇ ಸಲಕ್ಕೆ ತಿಳಿಯಿತು, ನನಗೆ ನೀನು ಕೈ ಸುಟ್ಟುಕೊಳ್ಳುವವರೆಗೆ ತಿಳಿಯಲಿಲ್ಲ. ತರಗತಿಯಲ್ಲಿ ನಿನ್ನೆ ಹೇಳಿದೆ, ಏನೂ ಅನ್ನಿಸದೇ ಇರುವುದೂ ಒಂದು ಲಕ್ಷಣ, ಅಳುವವಳಿಗಿಂತ ಅಳದವಳನ್ನು ಮೊದಲು ವಿಚಾರಿಸಬೇಕು ಎಂದು. ಮಯ್ಸಾ ಈ ಸಲ ಬರೆದುಕೊಂಡಳು.

ಪೊಟ್ಟಣವನ್ನು ನಾನೇ ಕಟ್ಟಿದ್ದೆ. ಹಲ್ಲಲ್ಲಿ ದಾರ ಹಿಡಿದು ಅವಳ ಹಾಗೇ ಮಾಡಲು ನೋಡಿದೆ. ನಿನಗೆ ಆಗಲೇ ಗೊತ್ತಾಯಿತಲ್ಲವೇ?

ಪರೀಕ್ಷೆಗೆ ಆರು ದಿನ ಇದೆ. ಬರೆಯುವುದಾದರೆ ಬರೆ. ಆಗದಿದ್ದರೆ ಮುಂದಿನ ವರ್ಷ ಬರೆ. ನಿನ್ನ ಅಮ್ಮನ ಜೊತೆ ಜಗಳ ನನಗಿರಲಿ.

ಮೆಟ್ಟಿಲ ಮೇಲಿದ್ದೇನೆ.

ಇಬ್ತಿಸಾಮ್


ಅಕಬಾ
ಜುಲೈ ೧೪

ಚಿಕ್ಕಮ್ಮ,

ನೀನು ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ. ಅಮ್ಮ ಫೋನು ಹಿಂದಕ್ಕೆ ಕೊಟ್ಟಿದ್ದಾಳೆ, ಆದರೆ ಇದನ್ನು ಫೋನಿನಲ್ಲಿ ಹೇಳಲಾರೆ.

ಹೌದು, ಗಂಟಿನಿಂದಲೇ ಗೊತ್ತಾಯಿತು. ದಾರ ಎಳೆದೆ, ಬಿಚ್ಚಿಕೊಂಡಿತು. ಅಡುಗೆಮನೆಯಲ್ಲಿ ನಿಂತಿದ್ದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನಾನು ಅತ್ತಿದ್ದರೆ ಅವಳೂ ಅಳಬೇಕಾಗುತ್ತಿತ್ತು. ಅವಳು ಅಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ನನ್ನಿಂದ ಬಿದ್ದುಹೋಗುತ್ತಿತ್ತು. “ಎಲೆ ಒಳ್ಳೆ ವಾಸನೆ ಇದೆ,” ಎಂದೆ. ಆಮೇಲೆ ಅಳಬೇಕೆಂದು ನೋಡಿದರೆ ಅಳು ಇರಲಿಲ್ಲ. ಒಳಗೆ ಹೋಗಿ ಹುಡುಕಿದೆ, ಏನೂ ಇರಲಿಲ್ಲ. ನಿನಗೆ ಬರೆದು ಕೇಳಬಹುದಿತ್ತು. ನೀನೂ ಸುಳ್ಳು ಬರೆಯುತ್ತಿದ್ದೆ, ಪಾಪ, ಅದನ್ನು ಕೆಡಿಸುವುದು ಬೇಡ ಎನ್ನಿಸಿತು. ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ಬಂದರೆ ಬರೆಯುತ್ತೇನೆ.

ನೀನು ಮೆಟ್ಟಿಲ ಮೇಲಿದ್ದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳಲ್ಲ, “ತೆಗೀಬೇಡ, ಅವಳಿಗೆ ತಲೆ ಕೆಟ್ಟಿದೆ,” ಎನ್ನುತ್ತಾ. “ನನಗೆ ಮೇ ತಿಂಗಳಿಂದ ಗೊತ್ತಮ್ಮಾ,” ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬಾಗಿಲು ತೆಗೆದದ್ದು ನಾನು. ಮುಂದಿನದ್ದು ನೀನು ನೋಡಿದ್ದೀಯ. ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಕಹಿ ಕಾಫಿ ಕಾಯಿಸುತ್ತಿದ್ದಾಗ, ಅದರ ವಾಸನೆ ಕೆಳಗಿಳಿದು, ಉಮ್ಮ್ ಖತ್ತಾಬ್ ಬಂದರು. ಬಾಗಿಲ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು, ಮಡಚಿ, ನನ್ನ ಕೈಗೆ ಕೊಟ್ಟು, “ಇದನ್ನ ಮುಂಚೇನೇ ಕೀಳ್ಬೇಕಿತ್ತು, ನನಗೇ ಧೈರ್ಯ ಬರಲಿಲ್ಲ,” ಎಂದರು. ಅವರ ಹಿಂದೆ ಕಟ್ಟಡದ ಹೆಂಗಸರೆಲ್ಲ ಬಂದರು. ಎರಡು ತಿಂಗಳಿಂದ ಅವರೆಲ್ಲ ಅಮ್ಮನಿಗೆ ಸಮಾಧಾನ ಹೇಳಲು ಕಾದಿದ್ದರು. ಅಮ್ಮ ಅತ್ತಳು. ನಾನು ಲೋಟಗಳನ್ನು ಹಂಚಿದೆ. ಆಗಲೂ ನನಗೆ ಅಳು ಬರಲಿಲ್ಲ.

ಪರೀಕ್ಷೆ ಬರೆದೆ. ಹೇಗೆ ಬರೆದೆ ಎಂದು ಗೊತ್ತಿಲ್ಲ, ಆಗಸ್ಟಿನಲ್ಲಿ ತಿಳಿಯುತ್ತದೆ. ಮೊದಲ ಮೂರು ಪತ್ರಿಕೆಗಳನ್ನು ಹಿಂದಿನ ಹಾಗೆಯೇ ಬರೆದೆ, ಬೇರೆ ಯಾರೋ ಬರೆದ ಹಾಗೆ. ಭೌತಶಾಸ್ತ್ರದ ದಿನ ಎರಡನೇ ಪುಟದಲ್ಲಿದ್ದಾಗ ಅಂಗೈ ನೋಯಿತು. ಹಳೆ ಚರ್ಮ ಸುಲಿದು ಹೊಸದು ಬರುತ್ತಿದೆಯಲ್ಲ, ಅದರ ಮೇಲೆ ಪೆನ್ನು ಒತ್ತುತ್ತಿತ್ತು. ಚುರುಚುರು ಎಂದಿತು. ಪೆನ್ನು ಕೆಳಗಿಟ್ಟೆ. ಮೇಲ್ವಿಚಾರಕಿ ಬಂದು, “ಏನಾಯ್ತೇ?” ಎಂದರು. “ಕೈ ನೋಯ್ತಿದೆ ಮಿಸ್,” ಎಂದೆ. ಹಾಗೆ ಹೇಳುವಾಗ ಕಣ್ಣಲ್ಲಿ ನೀರು ಬಂತು. ಪಾದ ಒತ್ತಲಿಲ್ಲ, ಉಸಿರು ಬಿಡಲಿಲ್ಲ, ಏನನ್ನೂ ಹೆಸರಿಸಲಿಲ್ಲ. ಸ್ವಲ್ಪ ಹೊತ್ತು ನೋಯಲು ಬಿಟ್ಟೆ. ಆಮೇಲೆ ಉಳಿದದ್ದನ್ನು ಬರೆದೆ. ಒಂದು ಪ್ರಶ್ನೆ ಬಿಟ್ಟುಹೋಯಿತು.

ಅಮ್ಮನಿಗೆ ಇನ್ನೂ ಹೇಳಿಲ್ಲ, ಬಿಟ್ಟುಹೋದ ಪ್ರಶ್ನೆಯ ವಿಷಯ. ಈ ಕಾಗದ ಮುಗಿಸಿ ಹೇಳುತ್ತೇನೆ. ಇಂದು ಸಂಜೆ ಇಬ್ಬರೂ ಸಮುದ್ರದ ಕಡೆಗೆ ಹೋಗುತ್ತಿದ್ದೇವೆ. ಅವಳೇ ಕರೆದಳು.

ಮರಮಿಯ್ಯಾ ಕಳಿಸು. ಮೇ ತಿಂಗಳಿನದ್ದನ್ನು ಮೊನ್ನೆ ಕುಡಿದು ಮುಗಿಸಿದೆವು. ಅಜ್ಜಿಯ ಹಾಗೆ ಕಟ್ಟಲು ಹೋಗಬೇಡ. ನಿನ್ನ ಕೈಗೆ ಹೇಗೆ ಬರುತ್ತದೋ ಹಾಗೆ ಕಟ್ಟು. ಸಡಿಲವಾಗಿದ್ದರೂ ಪರವಾಗಿಲ್ಲ, ದಾರಿಯಲ್ಲಿ ಸ್ವಲ್ಪ ಚೆಲ್ಲಿದರೂ ಪರವಾಗಿಲ್ಲ.

ಲುಜೈನ್